ಭಾವನ ಲಾರಿಗೆ ನನ್ನ ಮೂಗು

ನನ್ನ ಭಾವನಿಗೆ ಮೂಗಿದೆ. ಆದರೆ ಅದು ಇರುವುದು ನನ್ನ ಮುಖದ ಮೇಲೆ! ನಗಬೇಡಿ. ಐದು ವರ್ಷದಿಂದ ದಿನಾ ಬೆಳಿಗ್ಗೆ ಆರು ಗಂಟೆಗೆ ಈ ಮೂಗನ್ನು ಹೊತ್ತುಕೊಂಡು ಹೋಗಿ ಒಂದು ಲಾರಿಯನ್ನು ಮೂಸಿ, ಮನೆಗೆ ಬಂದು ಸ್ನಾನ ಮಾಡಿ, ಶಾಲೆಗೆ ಹೋಗಿ ಮಕ್ಕಳಿಗೆ ಮಗ್ಗಿ ಹೇಳಿಕೊಡುವ ಮೇಷ್ಟ್ರು ನಾನು. ನನಗೆ ಸಾಕಾಗಿ ಹೋಗಿದೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಚಳ್ಳಕೆರೆಯಲ್ಲಿ ನಮ್ಮ ಹಿಂದಿನ ಬೀದಿಯಲ್ಲೇ ಅವರ ಮನೆ. ಡೀಸೆಲ್ಲು, ಸಿಎನ್‌ಜಿ ಗ್ಯಾಸು ಎರಡರಲ್ಲೂ ಓಡುವ ಲಾರಿ ಇಟ್ಟುಕೊಂಡು ಈರುಳ್ಳಿ, ಶೇಂಗಾ ಸಾಗಿಸುತ್ತಾರೆ. ಐದು ವರ್ಷದ ಹಿಂದೆ ಊರಿಗೆಲ್ಲ ಜ್ವರ ಬಂದಾಗ ಇವರಿಗೂ ಬಂತು. ಹೋಗುವಾಗ ಅದು ವಾಸನೆಯನ್ನೂ ಜೊತೆಗೆ ಕರೆದುಕೊಂಡು ಹೋಯಿತು. ಉಳಿದವರಿಗೆಲ್ಲ ತಿಂಗಳೊಳಗೆ ಮರಳಿ ಬಂದದ್ದು ಇವರಿಗೆ ಬರಲೇ ಇಲ್ಲ. ಈಗ ಮಲ್ಲಿಗೆಯೂ ಒಂದೇ, ಮೋರಿಯೂ ಒಂದೇ.

ಬೇರೆಯವರಾಗಿದ್ದರೆ ಸಾರಿಗೆ ಒಂದಿಷ್ಟು ಉಪ್ಪು ಜಾಸ್ತಿ ಹಾಕಿಸಿಕೊಂಡು ಸುಮ್ಮನಿರುತ್ತಿದ್ದರು. ಆದರೆ ಗ್ಯಾಸಿಗೆ ತನ್ನದೇ ವಾಸನೆ ಇಲ್ಲವಂತೆ, ಸೋರಿದರೆ ತಿಳಿಯಲೆಂದೇ ಅದಕ್ಕೊಂದು ಕೆಟ್ಟ ನಾತ ಬೆರೆಸಿರುತ್ತಾರಂತೆ. ಆ ನಾತ ಹಿಡಿಯಲಾಗದ ಡ್ರೈವರ್ ಆ ಗಾಡಿಯನ್ನು ಗ್ಯಾಸಿನ ಮೇಲೆ ಓಡಿಸಬಾರದು ಎಂಬುದು ಭಾವ ತಮಗೆ ತಾವೇ ಹಾಕಿಕೊಂಡ ಕಾನೂನು. ದಿನಾ ಬರೀ ಡೀಸೆಲ್ಲಿನ ಮೇಲೆ ಓಡಿಸಿದರೆ ಸಿಕ್ಕ ಬಾಡಿಗೆಯೆಲ್ಲ ಅದಕ್ಕೇ ಹೋಗುತ್ತದೆ. ಅಂದರೆ ಏನಾಯಿತು? ನನ್ನ ಮೂಗು ಕೈಕೊಟ್ಟರೆ ಅವರು ಸ್ಟಿಯರಿಂಗ್ ಬಿಡಬೇಕು. ಮೂವತ್ತು ವರ್ಷ ಹಿಡಿದ ಸ್ಟಿಯರಿಂಗ್ ಬಿಟ್ಟು ಆ ಮನುಷ್ಯ ಜಗಲಿಯ ಮೇಲೆ ಕೂತರೆ ಆರು ತಿಂಗಳೂ ಉಳಿಯುವುದಿಲ್ಲ ಎಂದು ಅಕ್ಕನ ಭಯ. ನನ್ನ ಭಯವೂ ಅದೇ. ಅದಕ್ಕೇ ಬೈದುಕೊಂಡಾದರೂ ಏಳುತ್ತೇನೆ.

ಅಕ್ಕನೇ ಮೂಸಬಾರದೇ ಎಂದು ನೀವು ಕೇಳಬಹುದು. ಅಕ್ಕನ ಮೂಗನ್ನು ನಶ್ಯ ಎಂದೋ ತಿಂದುಹಾಕಿದೆ. ಕ್ಲೀನರುಗಳೆಲ್ಲ ಬೀಡಿ ಸೇದುವವರು, ಅವರ ಮೂಗಿನ ಮೇಲೆ ಭಾವನಿಗೆ ವಿಶ್ವಾಸವಿಲ್ಲ. ಗ್ಯಾಸ್ ಹಿಡಿಯುವ ಯಂತ್ರವನ್ನೂ ತಂದು ಕ್ಯಾಬಿನ್ನಿನಲ್ಲಿ ಹಾಕಿಸಿದ್ದಾಯಿತು. ನನಗೆ ಬಿಡುಗಡೆಯಾಯಿತು ಎಂದು ಹಿಗ್ಗಿದೆ. ಮರುದಿನ ಆರಕ್ಕೆ ಮತ್ತೆ ಬಾಗಿಲು ಬಡಿತ!

"ಯಂತ್ರ ಐತಲ್ಲ ಭಾವ?"

"ಐತೆ. ಅದು ಕೆಟ್ಟೈತೋ ಸರಿ ಐತೋ ಅಂತ ಯಾರು ಮೂಸಿ ಹೇಳ್ತಾರೆ? ಏಳಲೇ!"

ನಾನು ಹೋಗುವಷ್ಟರಲ್ಲಿ ಅವರ ಕೆಲಸ ಅರ್ಧ ಮುಗಿದಿರುತ್ತದೆ. ಬಟ್ಟಲಲ್ಲಿ ಸೋಪಿನ ನೊರೆ ಕಲಸಿ, ಗಡ್ಡ ಮಾಡಿಕೊಳ್ಳುವ ಬ್ರಷ್ಷಿನಿಂದ ಪೈಪಿನ ಒಂದೊಂದು ಕೀಲಿಗೂ ಬಳಿಯುತ್ತಾರೆ. ಗುಳ್ಳೆ ಎದ್ದರೆ ಅಲ್ಲಿ ಸೋರಿದೆ ಎಂದರ್ಥ. ಏಳದಿದ್ದರೆ ಮುಂದಿನ ಕೀಲು. ಹೀಗೆ ಲಾರಿಗೆ ದಿನಾ ಕ್ಷೌರ, ಭಾವನ ಗಡ್ಡಕ್ಕೆ ಮಾತ್ರ ತಿಂಗಳಿಗೊಮ್ಮೆ! ಆಮೇಲೆ ನಾನು ಸಿಲಿಂಡರುಗಳ ಹತ್ತಿರ ಬಗ್ಗಿ, ಪ್ರತಿ ಕೀಲಿನಲ್ಲೂ ಮೂರು ಉಸಿರು ಎಳೆದು, "ಏನೂ ಇಲ್ಲ ಭಾವ" ಎನ್ನಬೇಕು. ಎರಡೇ ಉಸಿರು ಎಳೆದರೆ ಒಪ್ಪುವುದಿಲ್ಲ, ಪಕ್ಕದಲ್ಲಿ ನಿಂತು ಎಣಿಸುತ್ತಾರೆ.

ಗ್ಯಾಸು ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತದೆ ಎಂದು ಯಾರೋ ಹೇಳಿದ ಮಾರನೆಯ ದಿನವೇ ಲಾರಿ ನಿಲ್ಲಿಸುವ ಶೆಡ್ಡಿನ ತಗಡನ್ನೆಲ್ಲ ಕಿತ್ತು ಹಾಕಿದರು. ಹೋದ ಆಯುಧಪೂಜೆಯಲ್ಲಂತೂ ಕರ್ಪೂರ ಹಚ್ಚಲು ಬಿಡದೆ ಅರ್ಚಕರ ಕೈಗೆ ಬ್ಯಾಟರಿ ಕೊಟ್ಟು, "ಇದರಾಗೇ ಬೆಳಗ್ರಿ ಸ್ವಾಮಿ, ಬೆಳಕು ಬೆಳಕೇ" ಎಂದರು. ಅರ್ಚಕರು ಬೆಳಗಿದರು. ನಾವೆಲ್ಲ ಬ್ಯಾಟರಿಯ ಮುಂದೆ ಕೈ ಚಾಚಿ ಮಂಗಳಾರತಿ ತೆಗೆದುಕೊಂಡೆವು. ನನ್ನ ಹೆಂಡತಿ ಅದಕ್ಕೆ ದಕ್ಷಿಣೆಯನ್ನೂ ಹಾಕಿದಳು!

ಇಷ್ಟೆಲ್ಲ ಸಹಿಸಿದವನಿಗೆ ನಿಜವಾಗಿ ಮಾನ ಹೋದದ್ದು ಪರಶುರಾಂಪುರದಲ್ಲಿ. ಈರುಳ್ಳಿ ಲೋಡಾಗಿತ್ತು. ಹೊರಡುವ ಮುಂಚೆ ಇನ್ನೊಮ್ಮೆ ಮೂಸು ಎಂದು ನನ್ನನ್ನು ಬಸ್ಸಿನಲ್ಲಿ ಅಲ್ಲಿಯವರೆಗೂ ಕರೆಸಿಕೊಂಡಿದ್ದರು. ಮೂಸಿದೆ. ಗಪ್ಪೆಂದು ನಾತ!

"ಐತೆ ಭಾವ!"

ಮುಗಿಯಿತು. ಬೀಡಿಗಳೆಲ್ಲ ನೆಲಕ್ಕೆ ಬಿದ್ದವು, ಮೊಬೈಲುಗಳೆಲ್ಲ ಬಂದ್ ಆದವು, ಜನರೆಲ್ಲ ನೂರು ಹೆಜ್ಜೆ ಹಿಂದಕ್ಕೆ ಹೋದರು. ಭಾವ ವಾಲ್ವು ಮುಚ್ಚಿ, ಎಲ್ಲ ಕೀಲಿಗೂ ಎರಡು ಸಲ ನೊರೆ ಹಚ್ಚಿದರು. ಒಂದು ಗುಳ್ಳೆಯೂ ಇಲ್ಲ. ನಾತ ಮಾತ್ರ ಹಾಗೇ ಇದೆ. ಹಾಗಾದರೆ ಲೋಡಿನ ಕೆಳಗೆ ನೋಡಬೇಕು ಎಂದರು. ಹಮಾಲರು ನನ್ನನ್ನು ಶಪಿಸುತ್ತಾ ಒಂದೊಂದೇ ಚೀಲ ಇಳಿಸಿದರು. ಎಲ್ಲ ಇಳಿದ ಮೇಲೆ ತಳದಲ್ಲಿ ಒಂದು ಚೀಲ ಕೊಳೆತ ಈರುಳ್ಳಿ ಸಿಕ್ಕಿತು. ಕೊಳೆತ ಈರುಳ್ಳಿಯದೂ ಗ್ಯಾಸಿನದೂ ಹೆಚ್ಚುಕಡಿಮೆ ಒಂದೇ ನಾತ ಎಂದು ನನಗೆ ಯಾರು ಹೇಳಿದ್ದರು?

"ಅರೆ ಮಾಸ್ಟರ್ ಸಾಬ್, ನಿಮ್ಮ ಮೂಗಿಗೆ ಒಂದು ಸಲಾಂ ರೀ!" ಎಂದು ಮಂಡಿ ಸಾಹುಕಾರರು ಹಣೆ ಚಚ್ಚಿಕೊಂಡರು.

ನಾನು ತಲೆ ತಗ್ಗಿಸಿ ನಿಂತೆ. ಭಾವ ಮಾತ್ರ ಎದೆಯುಬ್ಬಿಸಿ ನಿಂತಿದ್ದರು. "ಮೂಗು ಅಂದ್ರೆ ಹಿಂಗಿರಬೇಕು ನೋಡ್ರಿ! ಒಂದು ಲೋಡಿನಾಗ ಒಂದು ಕೊಳೆತ ಚೀಲ ಹಿಡಿದೈತೆ!"

ಮೊನ್ನೆ ಭಾವನ ಮಗಳಿಗೆ ಹೆಣ್ಣು ಕೂಸಾಯಿತು. ಎರಡನೆಯ ಹೆರಿಗೆ, ಹಾಗಾಗಿ ಮೊಳಕಾಲ್ಮೂರಿನ ಗಂಡನ ಮನೆಯಲ್ಲೇ. ಅಕ್ಕ ಬಾಣಂತನಕ್ಕೆಂದು ಮೊದಲೇ ಹೋಗಿದ್ದಳು. ಭಾನುವಾರ ಭಾವನಿಗೆ ಬಳ್ಳಾರಿಗೆ ಲೋಡು ಸಿಕ್ಕಿತು. ದಾರಿಯಲ್ಲಿ ಕೂಸು ನೋಡೋಣ, ನೀನೂ ಬಾ ಎಂದರು.

ಆ ಬೆಳಿಗ್ಗೆ ನನಗೆ ನೆಗಡಿ. ಎರಡು ಹೊಳ್ಳೆಗೂ ಸಿಮೆಂಟು ಹಾಕಿದಂತಿತ್ತು. ಹೇಳಿದರೆ ಪ್ರಯಾಣ ನಿಲ್ಲುತ್ತದೆ, ಅಕ್ಕನಿಂದ ಫೋನು ಬರುತ್ತದೆ, ನೆಗಡಿ ಯಾಕೆ ಹಿಡಿಸಿಕೊಂಡೆ ಎಂದು ವಿಚಾರಣೆಯಾಗುತ್ತದೆ. ಇಷ್ಟು ವರ್ಷದಲ್ಲಿ ಗಾಡಿ ನಿಜಕ್ಕೂ ಸೋರಿದ್ದು ಒಂದೇ ಸಲ. ನನಗೆ ಬೇಸರ ಬಂದಿತ್ತು. ಪ್ರತಿ ಕೀಲಿನ ಹತ್ತಿರವೂ ಬಗ್ಗಿ, ಮೂರು ಮೂರು ಸಲ ಭುಜ ಕುಣಿಸಿ, ಎಂದಿನಂತೆ ವರದಿ ಒಪ್ಪಿಸಿದೆ. ಭಾವ ಒಂದು ಕ್ಷಣ ನನ್ನ ಮುಖ ನೋಡಿದರು. ಗಾಡಿಯ ಆ ಪಕ್ಕಕ್ಕೆ ಹೋಗಿ ಬಂದು, ಹತ್ತಿ ಕೂತರು.

ಊರು ದಾಟುತ್ತಲೇ ನಾನು ಹಿಂದಕ್ಕೆ ತಿರುಗಿ ತಿರುಗಿ ನೋಡತೊಡಗಿದೆ. ಹಿಂದೆ ಸಿಲಿಂಡರುಗಳು, ಮುಂದೆ ನನ್ನ ಸುಳ್ಳು. ತಳಕಿನಲ್ಲಿ ಚಹಾಕ್ಕೆ ನಿಂತಾಗ ಯಾರೋ ದೂರದಲ್ಲಿ ಕಡ್ಡಿ ಗೀರಿದ. ನಾನು ಚಹಾ ಚೆಲ್ಲಿಕೊಂಡೆ. ಹಾನಗಲ್ ಹತ್ತಿರ ಬರುವಷ್ಟರಲ್ಲಿ ತಡೆಯಲಾಗಲಿಲ್ಲ.

"ಭಾವ, ಗಾಡಿ ನಿಲ್ಸ್ರಿ. ನನಗೆ ನೆಗಡಿ. ಬೆಳಿಗ್ಗೆ ಸುಳ್ಳು ಹೇಳಿದೆ."

ಅವರು ನಿಲ್ಲಿಸಲಿಲ್ಲ. "ಗೊತ್ತಲೇ. ಏನೂ ಇಲ್ಲ ಅನ್ನೋ ಬದ್ಲಿಗೆ 'ಏದೂ ಇಲ್ಲ' ಅಂದೆ. ಆಗಲೇ ಹೋಗಿ ಗ್ಯಾಸ್ ಬಂದ್ ಮಾಡ್ದೆ. ಬರೀ ಡೀಸೆಲ್ ಮ್ಯಾಲೆ ಬರ್ತಿದೀವಿ. ಡೀಸೆಲ್ ಇಲ್ದೆ ಗ್ಯಾಸ್ ಉರಿಯಂಗಿಲ್ಲ, ಗ್ಯಾಸ್ ಇಲ್ದೆ ಗಾಡಿ ಓಡ್ತೈತೆ."

"ಮತ್ತೆ ಆಗಲೇ ಹೇಳಬಾರದಿತ್ತಾ?"

"ನೀನು ತಳಕಿನಾಗೇ ಬಾಯಿ ಬಿಡ್ತೀಯ ಅಂದ್ಕಂಡಿದ್ದೆ. ಹಾನಗಲ್‌ತನಕ ತಡಕಂಡೆ ನೋಡು!"

ನನಗೆ ನಾಚಿಕೆಯಾಯಿತು. ಸಿಟ್ಟೂ ಬಂತು. ಅದಕ್ಕಿಂತ ಹೆಚ್ಚಾಗಿ, ನನ್ನ ಮೂಗಿನಷ್ಟೇ ನನ್ನ ದನಿಯನ್ನೂ ಬಲ್ಲ ಈ ಮನುಷ್ಯನಿಗೆ ಸುಳ್ಳು ಹೇಳಿದೆನಲ್ಲ ಎಂದು ಸಂಕಟವಾಯಿತು.

ಮೊಳಕಾಲ್ಮೂರಿನಲ್ಲಿ ಲಾರಿ ಊರ ಹೊರಗಿನ ಬಯಲಲ್ಲೇ ನಿಂತಿತು. ಬಾಣಂತಿ ಮನೆ, ಕೂಸಿಗೆ ಸಾಂಬ್ರಾಣಿ ಹಾಕುವ ಕೆಂಡ ಇರುತ್ತದೆ ಎಂದು ಅಷ್ಟು ದೂರ ನಡೆಸಿಕೊಂಡೇ ಹೋದರು. ಬೀಗರ ಮನೆಯ ನಲ್ಲಿಯ ಕೆಳಗೆ ಕೂತು ಸ್ನಾನ ಮಾಡಿ, ನನ್ನ ಮುಂದೆ ಬಂದು ತೋಳು ಚಾಚಿದರು. "ಮೂಸಲೇ. ಮೈಯಾಗೆ ಡೀಸೆಲ್ ವಾಸನೆ ಐತಾ?"

"ಭಾವ, ನೆಗಡಿ."

"ಹೌದಲ್ಲ." ಮತ್ತೆ ನಲ್ಲಿಯ ಕೆಳಗೆ ಹೋಗಿ ಎರಡನೆಯ ಸಲ ಸೋಪು ಹಚ್ಚಿಕೊಂಡರು!

ಬೀಗರು ನೇಕಾರರು. ಒಳಗೆ ಮಗ್ಗದ ಸದ್ದು ನಿಂತಿತು. "ಲೋಪಲ ರಾಂಡಿ ಬೀಗ್ರೇ, ಹೊರಗೇ ಯಾಕೆ ನಿಂತ್ರಿ?" ಎಂದು ಬೀಗಿತ್ತಿ ತೆಲುಗು ಬೆರೆಸಿ ಒಳಗೆ ಕರೆದರು. ಅಕ್ಕ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದಳು, ನೆಗಡಿಯವನು ಕೂಸಿನ ಹತ್ತಿರ ಬರುವಂತಿಲ್ಲ. ಎಣ್ಣೆ ನೀರು ಆಗಿ, ಬಟ್ಟೆಯಲ್ಲಿ ಸುತ್ತಿದ ಕೂಸನ್ನು ಭಾವನ ತೊಡೆಯ ಮೇಲಿಟ್ಟಳು.

ಭಾವ ಬಗ್ಗಿ, ಕೂಸಿನ ನೆತ್ತಿಗೆ ಮೂಗು ತಾಗಿಸಿ, ಉದ್ದಕ್ಕೆ ಉಸಿರೆಳೆದರು. ಇನ್ನೊಮ್ಮೆ ಎಳೆದರು. ಮೂರನೆಯ ಸಲವೂ ಎಳೆದು, ಬಾಗಿಲಲ್ಲಿ ನಿಂತ ನನ್ನ ಕಡೆ ತಿರುಗಿದರು. ಐದು ವರ್ಷದಲ್ಲಿ ಆ ಮುಖ ಅಷ್ಟು ಬಡವಾದದ್ದನ್ನು ನಾನು ನೋಡಿರಲಿಲ್ಲ.

"ಹೆಂಗೈತೆ ಹೇಳಲೇ."

ನನ್ನ ಮಗ ಅಷ್ಟೇ ಇದ್ದಾಗಿನ ವಾಸನೆಯನ್ನು ನೆನಪಿಸಿಕೊಂಡು ಹೇಳತೊಡಗಿದೆ. "ಹರಳೆಣ್ಣೆ ಐತೆ ಭಾವ. ಸಾಂಬ್ರಾಣಿ ಹೊಗೆ ಐತೆ. ಅದರ ಕೆಳಗೆ ಕಾಸಿ ಆರಿಸಿದ ಹಾಲಿನಂಗೆ, ಬೆಚ್ಚಗೆ, ಸಣ್ಣಗೆ..."

"ನಿನಗೆ ನೆಗಡಿ ಅಲ್ಲೇನಲೇ?"

"ಹೌದು ಭಾವ."

"ಸುಳ್ಳು ಹೇಳ್ತಿದೀಯ."

"ಹೂಂ."

ಭಾವ ಕೂಸಿನ ನೆತ್ತಿಯ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿಕೊಂಡರು.

"ಹೇಳು. ಇನ್ನೊಂದಿಷ್ಟು ಹೇಳು."