ಬಲಗಾಲಿಗೆ ಸೋಡಾ, ಎಡಗಾಲಿಗೆ ಗ್ಯಾಸು

ನಾಲ್ಕು ಜನರ ಎದುರು ಕೆಮ್ಮಬಹುದು, ಕೆರೆದುಕೊಳ್ಳಬಾರದು. ಕೆಮ್ಮಿದವನಿಗೆ ಜನ ಕಷಾಯ ಹೇಳುತ್ತಾರೆ. ಕೆರೆದುಕೊಂಡವನಿಂದ ತಮ್ಮ ಚಾಪೆಯನ್ನು ದೂರ ಎಳೆದುಕೊಳ್ಳುತ್ತಾರೆ. ನಾನು ಮಧುಗಿರಿಯಲ್ಲಿ ಮೇಷ್ಟ್ರಾಗಿದ್ದಾಗ ನನ್ನ ಎರಡೂ ಮೊಣಕಾಲ ಕೆಳಗೆ ಚರ್ಮ ಒಣಗಿ, ಹೊಟ್ಟು ಎದ್ದು, ವಿಪರೀತ ತುರಿಕೆ. ಮಕ್ಕಳಿಗೆ ಉದ್ದದ ಭಾಗಾಕಾರ ಕೊಟ್ಟು, ಮೇಜಿನ ಕೆಳಗೆ ನನ್ನ ಕೆಲಸ ನೋಡಿಕೊಳ್ಳುತ್ತಿದ್ದೆ. ನನ್ನ ಶಿಷ್ಯರೆಲ್ಲ ಭಾಗಾಕಾರದಲ್ಲಿ ಗಟ್ಟಿಗರಾದದ್ದು ಹಾಗೆ.

ಇಷ್ಟರಲ್ಲೇ ಮಗಳು ಪಾರ್ವತಿಗೆ ಶಿರಾದ ಕಡಲೆಕಾಯಿ ವ್ಯಾಪಾರಿ ಮಲ್ಲಪ್ಪನವರ ಮಗನ ಸಂಬಂಧ ಕೂಡಿಬಂತು. ಹುಡುಗನೂ ಅವನ ತಾಯಿಯೂ ಬಂದು ಹುಡುಗಿ ಒಪ್ಪಿದ್ದರು. ಇನ್ನು ಎರಡು ವಾರಕ್ಕೆ ನಾನು ಹೋಗಿ ಮನೆ ನೋಡಬೇಕು. ನಮ್ಮವರಲ್ಲಿ ಬೀಗರು ಬಂದರೆ ಮನೆಯ ಯಜಮಾನನೇ ಬಾಗಿಲಲ್ಲಿ ನಿಂತು ಕಾಲಿಗೆ ನೀರು ಹಾಕುವ ಪದ್ಧತಿ. ಪಂಚೆ ಎತ್ತದೆ ಕಾಲು ತೊಳೆಸಿಕೊಳ್ಳುವ ವಿದ್ಯೆ ನನಗೆ ಬಾರದು. ಚರ್ಮರೋಗದ ಮನೆತನ ಎಂದುಕೊಂಡರೆ ಸಂಬಂಧ ಅಲ್ಲಿಗೇ ಮುರಿಯಿತು. ನನಗೆ ನಿಜವಾಗಿ ಭಯವಾಗಿತ್ತು.

ಪೇಟೆಯಲ್ಲಿ ಗೋಲಿ ಸೋಡಾ ಮಾಡುವ ಗಂಗಣ್ಣನ ಹತ್ತಿರ ಗೋಳು ತೋಡಿಕೊಂಡೆ. ವಿಲಾಯಿತಿಯಲ್ಲಿ ಸಾಹೇಬರು ಗುಳ್ಳೆ ಏಳುವ ಬುಗ್ಗೆಗಳಲ್ಲಿ ಕಾಲಿಟ್ಟು ಚರ್ಮ ವಾಸಿಮಾಡಿಕೊಳ್ಳುತ್ತಾರೆಂದು ಅವನು ಯಾರಿಂದಲೋ ಕೇಳಿದ್ದ. "ಆದ್ರೆ ನೀರು ಯಾಕ್ ಮೇಷ್ಟ್ರೇ? ಗುಣ ಇರೋದು ಗ್ಯಾಸ್‌ನಾಗೆ. ಬಾಟ್ಲಿ ಒಡೆದೇಟ್ಗೆ ಅದು ಹಾರೋಯ್ತದೆ. ಉಳಿಯೋದು ನಮ್ ಬಾವಿ ನೀರೇಯ" ಎಂದ. ಮನೆಗೆ ಬಂದು ಹೇಳಿದರೆ ನನ್ನಾಕೆ ಒಪ್ಪಲಿಲ್ಲ. "ನೀರಿಲ್ದೆ ಕಾಲ್ ಹೆಂಗ್ರೀ ಶುದ್ಧ ಆಯ್ತದೆ? ಗಾಳೀಲಿ ಸ್ನಾನ ಮಾಡ್ದೋರ್ನ ಎಲ್ಲಾನ ಕಂಡಿದೀರಾ?"

ಇಬ್ಬರನ್ನೂ ಎದುರು ಹಾಕಿಕೊಳ್ಳುವ ಶಕ್ತಿ ನನಗಿರಲಿಲ್ಲ. ಬಲಗಾಲನ್ನು ಹೆಂಡತಿಗೂ ಎಡಗಾಲನ್ನು ಗಂಗಣ್ಣನಿಗೂ ಒಪ್ಪಿಸಿದೆ. ದಿನಾ ಸಂಜೆ ಸೋಡಾ ಅಂಗಡಿಯ ಹಿಂದೆ ನನ್ನ ಬಲಗಾಲು ಸಪ್ಪೆ ಸೋಡಾ ತುಂಬಿದ ಕೊಳಗದಲ್ಲಿ. ಎಡಗಾಲು ಬಸ್ಸಿನ ಹಳೆಯ ಟ್ಯೂಬಿನ ತುಂಡಿನೊಳಗೆ. ಟ್ಯೂಬಿನ ಎರಡೂ ತುದಿ ಬಿಗಿದು ಗಂಗಣ್ಣ ಗ್ಯಾಸು ಬಿಡುತ್ತಿದ್ದ. ಬಲಗಾಲಿಗೆ ಕಚಗುಳಿ, ಎಡಗಾಲಿಗೆ ಸುಮ್ಮನೆ ಒಂದು ಬೆಚ್ಚಗಿನ ಹಿತ. ಆಮೇಲೆ ಎರಡಕ್ಕೂ ಬಟ್ಟೆ ಸುತ್ತಿ, ಮರುದಿನದವರೆಗೆ ಬಿಚ್ಚಕೂಡದೆಂದು ಇಬ್ಬರೂ ಅಪ್ಪಣೆ ಮಾಡಿದರು. ಅವರು ಒಮ್ಮತಕ್ಕೆ ಬಂದದ್ದು ಅದೊಂದರಲ್ಲೇ.

ವಾರ ಕಳೆಯುವಷ್ಟರಲ್ಲಿ ಎರಡೂ ಕಾಲು ನುಣುಪಾಗತೊಡಗಿದವು. ಹೊರಡುವ ದಿನ ಬೆಳಗ್ಗೆ ಕೊನೆಯ ಸಲ ಬಲಗಾಲು ಕೊಳಗದಲ್ಲಿಟ್ಟು ಪಂಚಾಂಗ ನೋಡುತ್ತಿದ್ದೆ. ತೆಗೆದರೆ ಕಾಲು ಕೆಂಪಗೆ! "ಶುಭಕಾರ್ಯಕ್ಕೆ ಸಪ್ಪೆ ಸೋಡಾ ಬ್ಯಾಡಾಂತ ಕೆಂಪು ಕಲರ್ ಸೋಡಾ ಹಾಕ್ಸಿದೀನಿ" ಎಂದಳು ನನ್ನಾಕೆ, ಸಂಭ್ರಮದಿಂದ. ಬಟ್ಟೆಯಲ್ಲಿ ಎಷ್ಟು ಉಜ್ಜಿದರೂ ಬಣ್ಣವೂ ಬಿಡಲಿಲ್ಲ, ಸಿಹಿಯ ಅಂಟೂ ಬಿಡಲಿಲ್ಲ.

ಶಿರಾ ತಲುಪುವ ಹೊತ್ತಿಗೆ ಆ ಸಕ್ಕರೆ ಕಾಲಿಗೆ ಬಸ್ಸಿನ ಇರುವೆಗಳೆಲ್ಲ ಬೀಗರಾಗಿದ್ದವು. ಮಲ್ಲಪ್ಪನವರು ಚೊಂಬು ಹಿಡಿದು ಬಾಗಿದವರು ಹಾಗೇ ನಿಂತರು.

"ಇದೇನ್ ಬೀಗ್ರೇ, ಒಂದೇ ಕಾಲ್ಗೆ ಸಿಂಗಾರ ಮಾಡ್ಕಂಡ್ ಬಂದ್ಬುಟ್ಟಿದೀರಿ?"

ಸುಳ್ಳು ಹೊಳೆಯಲಿಲ್ಲ. ತುರಿಕೆಯಿಂದ ಹಿಡಿದು ಟ್ಯೂಬಿನವರೆಗೆ ಎಲ್ಲ ಹೇಳಿಬಿಟ್ಟೆ. ಅವರು ಅತ್ತಿತ್ತ ನೋಡಿ, ಮೆಲ್ಲಗೆ ತಮ್ಮ ಪಂಚೆಯನ್ನು ಮೊಣಕಾಲಿಗೆ ಎತ್ತಿದರು. ಅದೇ ಹೊಟ್ಟು, ಅದೇ ಉಗುರಿನ ಗೆರೆ!

"ಮದ್ವೆ ದಿನ ನೀವ್ ನನ್ ಕಾಲ್ಗೆ ನೀರ್ ಹಾಕ್ಬೇಕಲ್ಲ, ಹೆಂಗಪ್ಪಾ ಅಂತ ನಿದ್ದೇನೇ ಬಂದಿಲ್ಲ ಕಣ್ರೀ. ಯಾವ್ ಕಾಲು ಮೇಲು, ಬೇಗ ಹೇಳ್ಬುಡಿ."

ನನ್ನ ಮನಸ್ಸು ಜನ್ಮದಲ್ಲಿ ಅಷ್ಟು ಹಗುರಾಗಿರಲಿಲ್ಲ. "ಎರಡೂ ಮೇಲೇ" ಎಂದು ಗಂಗಣ್ಣನ ವಿಳಾಸ ಕೊಟ್ಟೆ. ಮದುವೆ ಸಾಂಗವಾಗಿ ನಡೆಯಿತು.

ಗುಣ ನೀರಿನದೋ ಗ್ಯಾಸಿನದೋ ಎಂಬ ವ್ಯಾಜ್ಯ ಮನೆಯಲ್ಲಿ ಇನ್ನೂ ಮುಗಿದಿಲ್ಲ. ಸುಮ್ಮನೆ ಬಿಟ್ಟು ಹೋಲಿಸಲು ನನಗೆ ಮೂರನೆಯ ಕಾಲಿರಲಿಲ್ಲ. ಬಟ್ಟೆ ಸುತ್ತಿದ್ದರಿಂದ ಎರಡು ವಾರ ಕೆರೆದುಕೊಳ್ಳಲಾಗಲಿಲ್ಲ, ಅದೇ ಮದ್ದಾಯಿತೆಂದು ನನ್ನ ಗುಮಾನಿ. ಕೆರೆಯದೆ ಇರುವುದೇ ದೊಡ್ಡ ಚಿಕಿತ್ಸೆ ಎಂದು ಈ ಪ್ರಬಂಧಕ್ಕೆ ಗಂಭೀರವಾದ ಕೊನೆಯ ಸಾಲು ಬರೆಯುತ್ತಿದ್ದೆ. ಅಷ್ಟರಲ್ಲಿ ಒಳಗಿನಿಂದ ನನ್ನಾಕೆಯ ದನಿ ಬಂತು:

"ಬರೆಯೋದು ಬಲಗೈಲಿ ಬರೀರಿ, ಎಡಗೈ ಮೇಜಿನ್ ಮ್ಯಾಲೆ ಮಡೀಕಳಿ. ಕೆರೆಯೋ ಸದ್ದು ಅಡಿಗೆಮನೆಗಂಟ ಕೇಳ್ತೈತೆ!"