ಸೂರಿನಡಿಯ ಸೀಮೆಸುಣ್ಣ

ತರಗತಿಯಲ್ಲಿ ಒಂದು ಮಾತು ಜಾಸ್ತಿ ಆಡಿದ್ದೇ ಲೈಲ್ ಹೆಂಡರ್‌ಶಾಟ್ ಮೇಷ್ಟ್ರ ತಪ್ಪು. ಮಂಗಳವಾರ ಸಂವಿಧಾನದ ಪಾಠ ಮಾಡುತ್ತಾ ಹುರುಪು ಬಂದು, "ಇದು ಸರ್ಕಾರಿ ವಿಶ್ವವಿದ್ಯಾಲಯ ಕಣ್ರಪ್ಪ. ನಿಮ್ಮ ಬಾಯಿ ಮುಚ್ಚಿಸೋ ಅಧಿಕಾರ ಇಲ್ಲಿ ಯಾರಿಗೂ ಇಲ್ಲ. ಅನುಮಾನ ಇದ್ರೆ ಪರೀಕ್ಷೆ ಮಾಡಿ ನೋಡಿ," ಎಂದುಬಿಟ್ಟಿದ್ದರು. ನೆಬ್ರಾಸ್ಕಾದ ಆ ಸಣ್ಣ ಊರಿನಲ್ಲಿ ಮೇಷ್ಟ್ರ ಮಾತನ್ನು ವಿದ್ಯಾರ್ಥಿಗಳು ಕಿವಿಗೆ ಹಾಕಿಕೊಳ್ಳುವುದು ಅಪರೂಪ. ಅವತ್ತು ಒಬ್ಬಳು ಹಾಕಿಕೊಂಡಿದ್ದಳು.

ಗುರುವಾರ ಬೆಳಿಗ್ಗೆ ಕಾಫಿ ಹಿಡಿದು ಬಂದರೆ, ಗ್ರಂಥಾಲಯದ ಬಾಗಿಲ ಮುಂದೆ ನೆಲದ ಮೇಲೆ ಗುಲಾಬಿ ಸೀಮೆಸುಣ್ಣದ ದಪ್ಪ ಅಕ್ಷರಗಳು: "ರಾತ್ರಿ ಒಂಬತ್ತಕ್ಕೇ ಗ್ರಂಥಾಲಯ ಮುಚ್ಚಿಸಿದ ಕುಲಪತಿಗಳು ಕೊನೆಯ ಸಲ ಪುಸ್ತಕ ಓದಿದ್ದು ಯಾವಾಗ?" ಕೆಳಗೆ ಸಹಿ ಬೇರೆ: ಮರಿಬೆಲ್ ಕ್ವಿಂಟೆರೊ, ಎರಡನೇ ವರ್ಷ.

"ನೋಡಿದ್ಯಾ ನಿನ್ನ ಶಿಷ್ಯೆ ಪ್ರತಾಪಾನ?" ಎನ್ನುತ್ತಾ ಗಾರ್ಡನ್ ಪ್ಲಮ್ಲಿ ಬಂದರು. ಪಕ್ಕದ ಕೋಣೆಯ ಮೇಷ್ಟ್ರು. ತಮ್ಮ ಕೆಲಸ ಒಂದನ್ನು ಬಿಟ್ಟು ಮಿಕ್ಕೆಲ್ಲರ ಕೆಲಸದಲ್ಲೂ ಮುಂದು.

"ಬರೆದದ್ದರಲ್ಲಿ ತಪ್ಪೇನಿದೆ? ಅದು ಅವಳ ಹಕ್ಕು."

"ಬರೆದದ್ದಲ್ಲಪ್ಪಾ, ಬರೆದ ಜಾಗ. ಮೇಲೆ ನೋಡು."

ಲೈಲ್ ಮೇಲೆ ನೋಡಿದರು. ಗ್ರಂಥಾಲಯದ ಕಾಂಕ್ರೀಟ್ ಸೂರು ಹನ್ನೆರಡು ಅಡಿ ಮುಂದಕ್ಕೆ ಚಾಚಿತ್ತು. ವಿಶ್ವವಿದ್ಯಾಲಯದ ನಡತೆ ಸಂಹಿತೆಯ ಪ್ರಕಾರ ಸೀಮೆಸುಣ್ಣದಲ್ಲಿ ಯಾರ ಬಗ್ಗೆ ಏನು ಬೇಕಾದರೂ ಬರೆಯಬಹುದು, ಆದರೆ ಮಳೆ ಬಿದ್ದು ತೊಳೆದುಹೋಗುವ ಕಡೆ ಮಾತ್ರ. ಸೂರಿನಡಿ ಬರೆದರೆ ಕೇಸು. ಮರಿಬೆಲ್ ಹಾಸ್ಟೆಲಿನ ಮೂರನೇ ಮಹಡಿಯ ಉಸ್ತುವಾರಿ ನೋಡಿಕೊಳ್ಳುತ್ತಿದ್ದಳು, ಅದಕ್ಕೆ ಪ್ರತಿಯಾಗಿ ಅವಳಿಗೆ ಕೋಣೆ ಪುಕ್ಕಟೆ. ಒಂದು ಕೇಸು ಬಿದ್ದರೆ ಉಸ್ತುವಾರಿಯೂ ಹೋಯಿತು, ಕೋಣೆಯೂ ಹೋಯಿತು. ತನ್ನ ಮಾತು ನಂಬಿ ಆ ಹುಡುಗಿ ಹಾಳಾಗುತ್ತಾಳಲ್ಲ ಎಂದು ಮೇಷ್ಟ್ರಿಗೆ ನಿಜವಾಗಿಯೂ ಸಂಕಟವಾಯಿತು.

ನಡತೆ ವಿಭಾಗದ ಬರ್ನಿಸ್ ಟಾಲಿವರ್ ಬಳಿ ಓಡಿದರು.

"ಮಾತಿನ ತಂಟೆಗೆ ನಾನು ಹೋಗಲ್ಲ ಮೇಷ್ಟ್ರೇ," ಎಂದರು ಬರ್ನಿಸ್. "ಕುಲಪತಿಗಳನ್ನ ಕತ್ತೆ ಅಂದಿದ್ರೂ ನನಗೇನಿಲ್ಲ. ಮೇಲೆ ಸೂರು ಇದೆಯೋ ಇಲ್ವೋ, ನಾನು ನೋಡೋದು ಅಷ್ಟೇ."

"ಹುಡುಗಿಗೆ ಇರೋಕೆ ಜಾಗ ಇಲ್ದಂಗಾಗುತ್ತೆ ಕಣ್ರೀ."

ಬರ್ನಿಸ್ ಗಡಿಯಾರ ನೋಡಿದರು. "ಮೂರು ಗಂಟೆಗೆ ಬಂದು ಫೋಟೋ ತೆಗೀತೀನಿ. ಅಷ್ಟೊತ್ತಿಗೆ ಬರಹ ಅಲ್ಲಿ ಇಲ್ದಿದ್ರೆ ಕೇಸೂ ಇಲ್ಲ."

ಮೇಷ್ಟ್ರು ಮರಿಬೆಲ್‌ಗೆ ಮೂರು ಸಲ ಫೋನ್ ಮಾಡಿದರು. ಅವಳು ಎರಡೂಮುಕ್ಕಾಲಿನವರೆಗೆ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ, ಫೋನು ಚೀಲದಲ್ಲಿ. ಎರಡು ಗಂಟೆಯವರೆಗೆ ಕಾದು, ಕೊನೆಗೆ ಕಸ ಗುಡಿಸುವವರ ಹತ್ತಿರ ಬಕೆಟ್ಟು, ಬ್ರಷ್ಷು ಬೇಡಿ ತಂದು, ಪ್ಯಾಂಟು ಮಡಚಿ ನೆಲಕ್ಕೆ ಮಂಡಿಯೂರಿದರು.

ಸೀಮೆಸುಣ್ಣ ಹೋಗಲೊಲ್ಲದು. ನೀರು ಹಾಕಿದಷ್ಟೂ ಗುಲಾಬಿ ಬಣ್ಣ ಹರಡಿ, ಮಗು ಪಾಯಸ ಚೆಲ್ಲಿಕೊಂಡ ಹಾಗಾಯಿತು. ಮೇಷ್ಟ್ರ ಕೈ, ಮಂಡಿ, ಟೈ ಎಲ್ಲ ಗುಲಾಬಿ.

"ಸುತ್ತ ಸುತ್ತ ಉಜ್ಜಬೇಡ, ಉದ್ದಕ್ಕೆ ಉಜ್ಜು," ಎಂದು ಗಾರ್ಡನ್ ನಿಂತಲ್ಲೇ ನಿರ್ದೇಶನ ಕೊಡತೊಡಗಿದರು. ಸುತ್ತ ವಿದ್ಯಾರ್ಥಿಗಳು ಸೇರಿದರು. ಫೋನುಗಳು ಮೇಲೆದ್ದವು.

"ಯಾಕೆ ಸರ್ ಅಳಿಸ್ತಿದ್ದೀರಿ? ಕುಲಪತಿಗಳು ಹೇಳಿದ್ರಾ?" ಒಬ್ಬಳು ಕೇಳಿದಳು.

"ಯಾರೂ ಹೇಳಿಲ್ಲಮ್ಮ. ನಾನೇ ಅಳಿಸ್ತಿದ್ದೀನಿ."

"ಯಾರೂ ಹೇಳದೇನೇ?" ಎಂದು ಅವಳು ಫೋನನ್ನು ಇನ್ನಷ್ಟು ಹತ್ತಿರ ತಂದಳು. ಹೇಳಬಾರದ್ದೇನೋ ಹೇಳಿಬಿಟ್ಟೆ ಎಂದು ಮೇಷ್ಟ್ರಿಗೆ ಅನ್ನಿಸಿತು, ಆದರೆ ವಿವರಿಸುತ್ತಾ ಕೂರಲು ಪುರುಸೊತ್ತಿರಲಿಲ್ಲ.

ಮೂರಕ್ಕೆ ಸರಿಯಾಗಿ ಬರ್ನಿಸ್ ಬಂದರು. ಮೇಲೆ ನೋಡಿದರು, ಕೆಳಗೆ ನೋಡಿದರು. ಅಷ್ಟೊತ್ತಿಗೆ ಅಕ್ಷರಗಳೆಲ್ಲ ಹೋಗಿ, ಒದ್ದೆ ನೆಲ ಬಿಟ್ಟು ಏನೂ ಇರಲಿಲ್ಲ. "ಮರಿಬೆಲ್ ಮೇಲೆ ಕೇಸಿಲ್ಲ," ಎಂದರು. ಮೇಷ್ಟ್ರು ಅಲ್ಲೇ ಮೆಟ್ಟಿಲ ಮೇಲೆ ಕುಸಿದು, ಬೆಳಗಿನಿಂದ ಮೊದಲ ಸಲ ಸಲೀಸಾಗಿ ಉಸಿರಾಡಿದರು.

"ಈಗ ನಿಮ್ಮದು," ಎಂದು ಬರ್ನಿಸ್ ಇನ್ನೊಂದು ಹಾಳೆ ತೆಗೆದರು. "ಸರ್ಕಾರಿ ನೌಕರರು ನೀವು. ವಿದ್ಯಾರ್ಥಿ ಬರೆದದ್ದನ್ನ ಅವರ ಒಪ್ಪಿಗೆ ಇಲ್ಲದೆ ಅಳಿಸಿದ್ದೀರಿ. ಹತ್ತು ನಿಮಿಷದ ಹಿಂದೆ ದೂರು ಬಂತು, ವೀಡಿಯೊ ಸಮೇತ."

"ನೀವೇ ತಾನೇ ಹೇಳಿದ್ದು, ಅಲ್ಲಿ ಇಲ್ದಿದ್ರೆ ಅಂತ?"

"ಅವಳೇ ಬಂದು ಅಳಿಸ್ತಾಳೆ ಅಂತ ಅಂದ್ಕೊಂಡೆ ಮೇಷ್ಟ್ರೇ. ನೀವು ಕಾನೂನು ಪಾಠ ಮಾಡೋರು, ಗೊತ್ತಿರುತ್ತೆ ಅಂತ."

"ಯಾರು ಕೊಟ್ಟಿದ್ದು ದೂರು?"

"ನಾನು ಸರ್," ಎಂದಳು ಗುಂಪಿನಿಂದ ಮುಂದೆ ಬಂದ ಮರಿಬೆಲ್. ಅವಳ ಕಣ್ಣಲ್ಲಿ ನೀರಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ನನ್ನನ್ನ ಒಂದು ಮಾತು ಕೇಳಬೇಕಿತ್ತು ನೀವು."

"ನಿನ್ನ ಕೋಣೆ ಹೋಗ್ತಿತ್ತಲ್ಲಮ್ಮ."

"ಸೂರಿದೆ ಅಂತ ಗೊತ್ತಿದ್ದೇ ಬರೆದೆ ಸರ್. ಎಲ್ಲರೂ ಓಡಾಡೋ ಬಾಗಿಲು ಇದೊಂದೇ. ಹೋಗೋದು ನನ್ನ ಕೋಣೆ ತಾನೇ?"

ಇಪ್ಪತ್ತು ವರ್ಷದ ಪಾಠದಲ್ಲಿ ಇಂಥ ಪ್ರಶ್ನೆಯನ್ನು ಮೇಷ್ಟ್ರಿಗೆ ಯಾರೂ ಕೇಳಿರಲಿಲ್ಲ. ಒಳಗೊಳಗೇ ಹೆಮ್ಮೆ ಅನ್ನಿಸಿತು.

"ಸೋಮವಾರ ವಿಚಾರಣೆ," ಎಂದು ಬರ್ನಿಸ್ ಪೆನ್ನು ಚಾಚಿದರು. "ಜೊತೆಗೆ ಒಬ್ಬರನ್ನ ಕರ್ಕೊಂಡು ಬರಬಹುದು. ಅವರು ಬಾಯಿ ತೆಗೆಯೋ ಹಾಗಿಲ್ಲ, ಪಕ್ಕದಲ್ಲಿ ಕೂತಿರಬೇಕಷ್ಟೇ."

ಗಾರ್ಡನ್ ಇದ್ದಕ್ಕಿದ್ದಂತೆ ತಮ್ಮ ತರಗತಿ ನೆನಪಾಗಿ ಹೊರಟುಹೋದರು.

"ನಾನು ಬರ್ತೀನಿ ಸರ್," ಎಂದಳು ಮರಿಬೆಲ್. "ಮೊದಲು ನನ್ನ ದೂರು ಓದ್ತೀನಿ. ಓದಿ ಮುಗಿಸಿ, ನಿಮ್ಮ ಪಕ್ಕ ಬಂದು ಕೂತ್ಕೋತೀನಿ."

ಬರ್ನಿಸ್ ಸಂಹಿತೆಯ ಪುಟಗಳನ್ನು ಹಿಂದೆ ಮುಂದೆ ತಿರುವಿದರು. ದೂರು ಕೊಟ್ಟವರೇ ಜೊತೆಗೆ ಕೂರಬಾರದೆಂದು ಎಲ್ಲೂ ಬರೆದಿರಲಿಲ್ಲ.