ಎದುರುಮನೆ ಅಜ್ಜನ ಮಂದೆ

ನಾನು ಓದು ನಿಲ್ಲಿಸಿದ್ದು ೨೦೦೩ರಲ್ಲಿ, ಎಂಟನೇ ತರಗತಿಯ ಅರ್ಧಕ್ಕೆ. ಅಲ್ಲಿಂದಾಚೆ ನನ್ನನ್ನು ಪರೀಕ್ಷೆ ಮಾಡುವ ಧೈರ್ಯ ಯಾರಿಗೂ ಬಂದಿರಲಿಲ್ಲ. ಕಳೆದ ವರ್ಷ ತಾಳ್ಯದಿಂದ ಹೊಸದುರ್ಗಕ್ಕೆ ಸಂಸಾರ ಸಾಗಿಸಿ, ಲಗೇಜು ಆಟೋದಿಂದ ಸಾಮಾನು ಇಳಿಸುತ್ತಿದ್ದಾಗ ಎದುರುಮನೆಯ ಅಜ್ಜ ಬಂದು ಆ ಕೆಲಸ ಮಾಡಿಯೇಬಿಟ್ಟ. ಬೀರುವಿನ ಭಾರಕ್ಕೆ ನಾನು ಹಲ್ಲು ಕಚ್ಚಿದ್ದೆ. ಅಜ್ಜ ಬಗ್ಗಿ ನನ್ನ ಬಾಯಿಯನ್ನೇ ದಿಟ್ಟಿಸಿ, "ಬಾಯಿ ಕೂಡೈತೆ. ಮೂವತ್ತೈದರ ಆಸುಪಾಸು" ಎಂದು ಫಲಿತಾಂಶ ಪ್ರಕಟಿಸಿದ. ಕುರಿಗೆ ಎಲ್ಲ ಹಲ್ಲೂ ಬಂದು ಮುಗಿದಾಗ ಹೇಳುವ ಮಾತು ಅದು!

ಈ ಅಜ್ಜನಿಗೆ ಇರುವುದು ಒಂದೇ ಕಾಯಿಲೆ. ಕಣ್ಣಿಗೆ ಬಿದ್ದವರೆಲ್ಲ ಅವನಿಗೆ ಕುರಿಗಳೇ. ಅವಮಾನ ಎಂದುಕೊಳ್ಳಬೇಡಿ, ಅವನ ಬಾಯಲ್ಲಿ ಅದಕ್ಕಿಂತ ದೊಡ್ಡ ಬಿರುದಿಲ್ಲ. ಮೊಣಕಾಲು ಕೈಕೊಟ್ಟ ಮೇಲೆ ಕುರಿಗಳನ್ನು ಮಕ್ಕಳಿಗೆ ಒಪ್ಪಿಸಿದ್ದಾನೆ. ಹೆಗಲ ಮೇಲಿನ ಕರಿ ಕಂಬಳಿಯನ್ನು ಮಾತ್ರ ಯಾರಿಗೂ ಒಪ್ಪಿಸದೆ, ಜಗಲಿಯ ಮೇಲೆ ಕೂತು ಬೀದಿಯನ್ನೇ ಮೇಯಿಸುತ್ತಾನೆ. ನಮ್ಮ ಅತ್ತೆ, ತಮ್ಮ ಮಗಳ ಹೊಸ ಮನೆ ನೋಡಲು ಬಂದಾಗ, ಅವರಿಗೂ ಬಾಯಿ ತೆಗೆಯಲು ಹೇಳಿದ. ಅತ್ತೆ ಉಳಿದಿದ್ದ ನಾಲ್ಕು ಹಲ್ಲನ್ನೂ ಸೆರಗಿನಲ್ಲಿ ಮುಚ್ಚಿಕೊಂಡು ಸಂಜೆ ಬಸ್ಸಿಗೇ ಹೊರಟರು. (ಈ ಒಂದು ಉಪಕಾರವನ್ನು ನಾನು ಮರೆಯಲಾರೆ.)

ಆದರೆ ನನ್ನ ಮನೆಯೊಳಗಿನ ಕಷ್ಟ ನಗುವಂಥದ್ದಾಗಿರಲಿಲ್ಲ. ಏಳು ವರ್ಷದ ಮಗ ಹೇಗೋ ಬೀದಿಗೆ ಸೇರಿಕೊಂಡ. ಐದರ ಮಗಳು ಅವ್ವನ ಸೆರಗು ಬಿಡಲೊಲ್ಲಳು. ಶಾಲೆಯ ಗೇಟಿನಿಂದಲೇ ಅಳುತ್ತ ವಾಪಸ್ಸು. ಬೀದಿಯ ಮಕ್ಕಳು ಆಟಕ್ಕೆ ಕರೆಯುತ್ತಿರಲಿಲ್ಲ, ಇವಳು ಹೋಗುತ್ತಲೂ ಇರಲಿಲ್ಲ. ಅನ್ನ ಮುಂದಿಟ್ಟರೆ ತಾಳ್ಯಕ್ಕೆ ಯಾವಾಗ ಹೋಗುವುದು ಎಂಬ ಪ್ರಶ್ನೆ. ಕೊನೆಗೆ ಹೆಂಡತಿ ತೀರ್ಪು ಕೊಟ್ಟಳು.

"ದೀಪಾವಳಿ ತಂಕ ನೋಡ್ತೀನಿ. ಆಮ್ಯಾಲೆ ಮಕ್ಕಳ್ನ ಕರ್ಕಂಡು ತಾಳ್ಯದ ಬಸ್ಸು ಹತ್ತಾದೇಯ. ನೀವು ನಿಮ್ಮ ವೆಲ್ಡಿಂಗ್ ಮಿಷನ್ ಜತೆ ಸಂಸಾರ ಮಾಡ್ರಿ."

ಅಂಗಡಿಗೆ ಆಗಷ್ಟೇ ಬೋರ್ಡು ಬರೆಸಿದ್ದೆ. ಸ್ವಂತ ದುಡಿಮೆಯಲ್ಲಿ ಏರಿಸಿದ ಬೋರ್ಡನ್ನು ಇಳಿಸುವುದು ಸುಲಭವೇ?

ವಿಷಯ ಅಜ್ಜನ ಕಿವಿಗೆ ಬಿತ್ತು. ಹೊಸ ಮರಿಯನ್ನು ಮಂದೆಗೆ ಬಿಟ್ಟರೆ ಉಳಿದವು ಗುದ್ದುತ್ತವೆ, ತಪ್ಪು ಯಾರದೂ ಅಲ್ಲ, ವಾಸನೆ ಬೇರೆ. ಒಂದೇ ರೊಪ್ಪದಲ್ಲಿ, ಅಂದರೆ ಕುರಿದೊಡ್ಡಿಯಲ್ಲಿ, ಒತ್ತಾಗಿ ಕೂಡಿಹಾಕಿದರೆ ಎಲ್ಲವೂ ಒಂದೇ ವಾಸನೆಯಾಗಿ ಸರಿಹೋಗುತ್ತದೆ ಎಂದು ಪಾಠ ಶುರುಮಾಡಿದ. ನನಗೆ ರೇಗಿತು.

"ಅಜ್ಜ, ನನ್ನ ಮಕ್ಕಳು ಕುರಿ ಅಲ್ಲ."

"ಗೊತ್ತು ಕಣಪ್ಪ. ಕುರಿಯಾಗಿದ್ರೆ ಇಷ್ಟು ದಿನ ಹಿಡೀತಿರ್ಲಿಲ್ಲ."

ಮಾರನೇ ಸಂಜೆ ಜಗಲಿಯ ಕಂಬಗಳಿಗೆ ಕಂಬಳಿ ಕಟ್ಟಿ ಗುಡಾರ ಎಬ್ಬಿಸಿ, ಇದೇ ರೊಪ್ಪ ಎಂದು ಸಾರಿದ. ಬೀದಿಯ ಮಕ್ಕಳೆಲ್ಲ ಒಳಗೆ ನುಗ್ಗಿ ಬ್ಯಾ ಬ್ಯಾ ಎಂದು ಅರಚತೊಡಗಿದವು. ಮಗಳು ನಮ್ಮ ಹೊಸ್ತಿಲಲ್ಲಿ ಅವ್ವನ ಸೆರಗು ಹಿಡಿದು ನೋಡುತ್ತಿದ್ದಳು. ಇವಳನ್ನೂ ಕರೆಯಿರಿ ಎಂದು ಹೆಂಡತಿ ಅಜ್ಜನಿಗೆ ಸನ್ನೆ ಮಾಡಿದಳು. ಬೆದರಿದ ಮರಿಯನ್ನು ಕರೆಯಬಾರದು, ಅದಕ್ಕೆ ಬೆನ್ನು ಕೊಟ್ಟು ಕೂರಬೇಕು ಎಂದವನೇ ಅಜ್ಜ ಆ ಕಡೆ ತಿರುಗಿ ಕೂತ. ಇದೆಂಥ ಮರ್ಯಾದೆ ಎಂದು ನಾನು ಗೊಣಗುತ್ತಿರುವಾಗಲೇ ಮಗಳು ಸೆರಗು ಬಿಟ್ಟಳು. ಬೀದಿ ದಾಟಿದಳು. ಅಜ್ಜನ ಬೆನ್ನ ಹಿಂದಿನಿಂದ ನುಸುಳಿ ಕಂಬಳಿಯೊಳಗೆ ಮಾಯವಾದಳು!

ವಾರವಿಡೀ ಅದೇ ಆಟ. ಎಷ್ಟು ಸೋಪು ಹಾಕಿ ತಿಕ್ಕಿದರೂ ಮಕ್ಕಳ ಮೈಗೆ ಕಂಬಳಿಯ ವಾಸನೆ! ನಿಮ್ಮ ಬೀದಿಯ ಮಕ್ಕಳಿಗೆ ಹಾಜರಿ ಕೂಗುವುದೇ ಬೇಡ, ಮೂಗಿಗೇ ಗೊತ್ತಾಗುತ್ತದೆ ಎಂದರಂತೆ ಶಾಲೆಯ ಮೇಡಂ. ಮಗಳು ಅದನ್ನು ಬಹುಮಾನ ಬಂದಂತೆ ಬಂದು ಹೇಳಿದಳು. ದೀಪಾವಳಿ ಬಂತು. ತಾಳ್ಯದ ಬಸ್ಸು ಎಷ್ಟು ಹೊತ್ತಿಗೆ ಎಂದು ನಾನೇ ಕೆಣಕಿದೆ. ಹಬ್ಬ ಮುಗಿಸಿಕೊಂಡು ಮಾರನೇ ದಿನವೇ ವಾಪಸ್ಸು ಬರೋಣ, ಮಗಳು ಅಲ್ಲಿ ನಿಲ್ಲುವುದಿಲ್ಲ ಎಂದಳು ಹೆಂಡತಿ.

ಅಜ್ಜನ ಮೇಲೆ ನನಗೊಂದು ಗುಮಾನಿ ಮಾತ್ರ ಉಳಿದಿತ್ತು. ಕೆಲಸ ಜಾಸ್ತಿಯಿದ್ದ ದಿನ ನಾನು ಅಂಗಡಿ ಮುಚ್ಚಿ ಬರುವುದು ತಡ. ಬೀದಿಯೆಲ್ಲ ಒಳಗಾಗಿದ್ದರೂ ಆತ ಜಗಲಿಯ ಮೇಲೆ ಕೂತು ನನ್ನ ಬೈಕು ಬರುವ ದಾರಿಯನ್ನೇ ನೋಡುತ್ತಿರುತ್ತಾನೆ. ಕುಡಿದು ಬರುತ್ತೇನೆಯೇ ಎಂದು ಪತ್ತೇದಾರಿಕೆಯೇ? ಮೊನ್ನೆ ಬೈಕು ನಿಲ್ಲಿಸಿ ಕೇಳಿಯೇಬಿಟ್ಟೆ.

"ಏನಜ್ಜ, ದಿನಾ ನನ್ನೇ ಕಾಯ್ತೀಯ?"

"ಇನ್ಯಾರ್ನ ಕಾಯ್ಲಿ? ಎಲ್ಲ ಒಳಗಾದ್ವು. ನೀನೊಬ್ಬ ಬರಾದಿತ್ತು."

ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡ. ಮೊಣಕಾಲು ಹಿಡಿದು ಎದ್ದು, ಒಳಗೆ ಹೋಗಿ ಚಿಲಕ ಹಾಕಿಕೊಂಡ. ನಾನು ಬೈಕು ತಳ್ಳಿಕೊಂಡು ಮನೆಗೆ ಬಂದು ನಮ್ಮ ಬಾಗಿಲಿಗೂ ಚಿಲಕ ಹಾಕಿದೆ.

ಈಗ ನನಗಿರುವುದು ಇಷ್ಟು: ಎರಡು ಕೋಣೆಯ ಬಾಡಿಗೆ ಮನೆ, ಒಂದು ವೆಲ್ಡಿಂಗ್ ಮಿಷನ್ನು, ಹೆಂಡತಿ, ಇಬ್ಬರು ಮಕ್ಕಳು, ನಾನು ಬರುವವರೆಗೆ ಚಿಲಕ ಬೀಳದ ಬಾಗಿಲು ಎರಡು.